ಕೋಡ್ ಬಯಲಾಟಕ್ಕೂ ಹರಕೆ ಹೊರುವವರು ಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಕ್ಷಗಾನ ನೋಡಲು ಎರಡು ದಾರಿಗಳಿವೆ. ಡೇರೆ ಮೇಳದ ಆಟವಾದರೆ ಟಿಕೆಟ್ ಕೊಂಡವರಿಗಷ್ಟೇ ಪ್ರವೇಶ. ಹರಕೆಯ ಬಯಲಾಟವಾದರೆ ಒಂದು ಮನೆಯವರೋ, ಹತ್ತು ಸಮಸ್ತರು ಸೇರಿಯೋ ಮೇಳದ ಖರ್ಚು ಹೊರುತ್ತಾರೆ. ಊರೆಲ್ಲ ಕೂತು ನೋಡುತ್ತದೆ. ಆಟ ಪುಕ್ಕಟೆಯಾದರೂ ಭಾಗವತರ, ಮದ್ದಳೆಯವರ ದುಡಿಮೆ ಪುಕ್ಕಟೆಯಲ್ಲ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು.

ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ನಮಗೆ ಈ ಲೆಕ್ಕ ಮರೆಯುತ್ತದೆ. ಕೋಡ್ ಬರೆಯುತ್ತಲೇ ಸಂಗೀತ ನುಡಿಸುವ ‘ಲೈವ್ ಕೋಡಿಂಗ್’ ತಂತ್ರಾಂಶಗಳನ್ನೇ ನೋಡಿ. ಸೋನಿಕ್ ಪೈನಲ್ಲಿ ‘ಪ್ಲೇ 60’ ಎಂದು ಬರೆದರೆ ಒಂದು ಸ್ವರ, ‘ಸ್ಲೀಪ್ 1’ ಎಂದರೆ ಒಂದು ನಿಲುಗಡೆ. ಹಾಡು ಓಡುತ್ತಿರುವಾಗಲೇ ಸಾಲು ತಿದ್ದಿದರೆ ತಾಳ ಬದಲಾಗುತ್ತದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೂ ಕಲಿಕೆ ನಿಲ್ಲುವುದಿಲ್ಲ. ಲೂಪ್, ಥ್ರೆಡ್‌ಗಳೆಂದರೆ ತಲೆ ಕೆರೆದುಕೊಳ್ಳುವವರಿಗೆ ಅವು ಕಿವಿಯ ಮೂಲಕವೇ ಅರ್ಥವಾಗುತ್ತವೆ.

ಸ್ಯಾಮ್ ಆರನ್ ಇದನ್ನು 2012ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿದ್ದಾಗ, ಶಾಲಾ ಮಕ್ಕಳಿಗಾಗಿ ಆರಂಭಿಸಿದರು. ಆಗ ರಾಸ್ಪ್‌ಬೆರಿ ಪೈ ಫೌಂಡೇಶನ್‌ನ ನೆರವಿತ್ತು. ವಿಶ್ವವಿದ್ಯಾಲಯದ ಆಸರೆ ಮುಗಿದ ಮೇಲೆ ಕೆಲಸ ಮುಂದುವರಿದಿರುವುದು ಪೇಟ್ರಿಯಾನ್ ತಾಣದಲ್ಲಿ ಬಳಕೆದಾರರು ತಿಂಗಳು ತಿಂಗಳು ಕೊಡುವ ಸಣ್ಣ ಮೊತ್ತಗಳ ಬಲದಿಂದ. ಅಲೆಕ್ಸ್ ಮೆಕ್ಲೀನ್ ಆರಂಭಿಸಿದ ಟೈಡಲ್‌ಸೈಕಲ್ಸ್ ಮತ್ತು 2022ರಲ್ಲಿ ಬಂದ, ಬ್ರೌಸರಿನಲ್ಲೇ ನುಡಿಯುವ ಸ್ಟ್ರೂಡೆಲ್ ಓಪನ್ ಕಲೆಕ್ಟಿವ್ ಮೂಲಕ ವಂತಿಗೆ ಪಡೆಯುತ್ತವೆ. ಅಲ್ಲಿ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಇದು ದೂರದವರ ಆಟ, ನಮಗೇನು ಎನ್ನುವಂತಿಲ್ಲ. ಟೈಡಲ್‌ನಲ್ಲಿ ಲಯ ಬರೆಯುವ ಸಂಕೇತಗಳಿಗೆ ಪ್ರೇರಣೆಯಾದವುಗಳಲ್ಲಿ ‘ಬೋಲ್ ಪ್ರೊಸೆಸರ್’ ಒಂದು. 1980ರ ದಶಕದಲ್ಲಿ ಬರ್ನಾರ್ಡ್ ಬೆಲ್ ಮತ್ತು ಜಿಮ್ ಕಿಪ್ಪೆನ್ ಅದನ್ನು ರೂಪಿಸಿದ್ದು ನಮ್ಮ ತಬಲಾ ಬೋಲ್‌ಗಳನ್ನು ಅರ್ಥಮಾಡಿಕೊಳ್ಳಲು. ನಮ್ಮ ನೆಲದ ತಾಳ ಅಲ್ಲಿಗೆ ಹೋಗಿ ಕೋಡ್ ಆಗಿ ಮರಳಿ ಬಂದಿದೆ.

ಹಣ ನಿಂತರೆ ಆಗುವುದೇನು? ಕೋಡ್ ಮುಕ್ತವಾಗಿಯೇ ಉಳಿಯುತ್ತದೆ, ನಿಜ. ಆದರೆ ವಿಂಡೋಸ್ ಹೊಸ ಆವೃತ್ತಿ ಬಂದಾಗ ಅದನ್ನು ಹೊಂದಿಸುವವರು ಬೇಕು, ದೋಷ ತಿದ್ದುವವರು ಬೇಕು. ಅವರು ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದರೆ ತಂತ್ರಾಂಶ ಮೆಲ್ಲಗೆ ತುಕ್ಕು ಹಿಡಿಯುತ್ತದೆ. ಮೊದಲ ಪೆಟ್ಟು ಬೀಳುವುದು ದುಬಾರಿ ಸಾಫ್ಟ್‌ವೇರ್ ಕೊಳ್ಳಲಾಗದ ನಮ್ಮಂಥವರಿಗೇ.

ಕೊಡುವ ಕೈಗಳು ನಮ್ಮ ರಾಜ್ಯದಲ್ಲೂ ಇವೆ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ‘ಫ್ಲಾಸ್ ಫಂಡ್’ ಘೋಷಿಸಿತು. ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ನೆರವು. ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್. ತಮಗೆ ಬೇಕಾದ ನೆರವೆಷ್ಟು ಎಂಬುದನ್ನು ಯೋಜನೆಗಳು ಒಂದು ಸಣ್ಣ ಕಡತದಲ್ಲಿ ಬಹಿರಂಗವಾಗಿ ಬರೆದಿಡಬೇಕು. ಆದರೆ ದೊಡ್ಡ ನಿಧಿಯೊಂದೇ ಸಾಲದು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಇಷ್ಟು ವರ್ಷ ಬಾಳಿದ್ದರಲ್ಲಿ ಊರವರ ಶ್ರಮದ ಪಾಲೂ ಇದೆ.

ವಿದ್ಯಾರ್ಥಿಗಳ ಜೇಬು ಖಾಲಿ, ಒಪ್ಪೋಣ. ಹಾಗೆಂದು ಬಯಲಾಟದಲ್ಲಿ ಎಲ್ಲರೂ ದುಡ್ಡನ್ನೇ ಕೊಡುವುದಿಲ್ಲವಲ್ಲ. ಚಪ್ಪರ ಹಾಕುವವರು, ಅಡುಗೆಗೆ ನಿಲ್ಲುವವರೂ ಇರುತ್ತಾರೆ. ಬಳಸುವಾಗ ಕಂಡ ದೋಷವನ್ನು ಸರಿಯಾಗಿ ವರದಿ ಮಾಡುವುದು, ಪಾಠಗಳನ್ನು ಕನ್ನಡಕ್ಕೆ ತರುವುದು, ಕಲಾವಿದರ ಒಪ್ಪಿಗೆ ಪಡೆದು ಚಂಡೆ-ಮದ್ದಳೆಯ ಪೆಟ್ಟುಗಳನ್ನು ಧ್ವನಿಮುದ್ರಿಸಿ ಎಲ್ಲರಿಗೂ ಸಿಗುವಂತೆ ಹಂಚುವುದು, ಇವೂ ವಂತಿಗೆಯೇ. ಇಂಥ ಕೆಲಸ ನಮ್ಮ ಹೆಸರಿನಲ್ಲಿ ದಾಖಲಾಗಿ ಉಳಿಯುತ್ತದೆ. ಸಂದರ್ಶನದಲ್ಲಿ ‘ಏನು ಮಾಡಿದ್ದೀರಿ?’ ಎಂದು ಕೇಳಿದರೆ ತೆರೆದು ತೋರಿಸಬಹುದು. ನಾಳೆ ಕೆಲಸ ಸಿಕ್ಕಾಗ ಮೊದಲ ಸಂಬಳದಲ್ಲಿ ಐನೂರು ರೂಪಾಯಿಯನ್ನು, ನಮಗೆ ಕಲಿಸಿದ ಯಾವುದಾದರೂ ಒಂದು ತಂತ್ರಾಂಶಕ್ಕೆ ತೆಗೆದಿಡೋಣ.