ಹಿಂದೆ ಟ್ರೇಲರ್, ಮುಂದೆ ತೊಪ್ಪೂರು ಘಾಟಿ: ಕ್ರೂಸ್ ಕಂಟ್ರೋಲ್ ಯಾವಾಗ ಬೇಕು, ಯಾವಾಗ ಬೇಡ?



ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ ಮಾರ್ಗವಾಗಿ ಸೇಲಂಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ನಮ್ಮಲ್ಲಿ ಹಲವರಿಗೆ ಚಿರಪರಿಚಿತ ದಾರಿ. ಈಗ ಫಾರ್ಚೂನರ್, ಹೈಲಕ್ಸ್, ಸ್ಕಾರ್ಪಿಯೋ-ಎನ್ ಮುಂತಾದ ಡೀಸೆಲ್ ಗಾಡಿಗಳು ಆಟೋಮ್ಯಾಟಿಕ್ ಗೇರ್‌ನೊಂದಿಗೂ ಸಿಗುತ್ತವೆ. ಇಂಥ ಗಾಡಿಯ ಹಿಂದೆ ಜನರೇಟರನ್ನೋ, ಶಾಮಿಯಾನದ ಸಾಮಾನನ್ನೋ, ತಿಂಡಿ ಅಂಗಡಿಯ ಟ್ರೇಲರನ್ನೋ ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಅವರಿಗೆ ಬರುವ ಪ್ರಶ್ನೆ: ಟ್ರೇಲರ್ ಇರುವಾಗ ಕ್ರೂಸ್ ಕಂಟ್ರೋಲ್ ಹಾಕಬಹುದೇ?

ಚಿಕ್ಕ ಉತ್ತರ ಹೀಗಿದೆ. ರಸ್ತೆ ಸಮತಟ್ಟಾಗಿದ್ದು, ಒಣಗಿದ್ದು, ಖಾಲಿಯಿದ್ದು, ಗಾಡಿಯ ಕೈಪಿಡಿ ಬೇಡವೆನ್ನದಿದ್ದರೆ ಹಾಕಬಹುದು. ಘಾಟಿ, ಮಳೆ, ಜೋರು ಗಾಳಿ, ವಾಹನ ದಟ್ಟಣೆ, ಇವುಗಳಲ್ಲಿ ಯಾವುದಿದ್ದರೂ ಬೇಡ. ಕಾರಣ ತಿಳಿದರೆ ಈ ಮಾತು ನೆನಪಿನಲ್ಲಿ ಉಳಿಯುತ್ತದೆ. ಅದಕ್ಕಾಗಿ ಈ ಲೇಖನ.

ಕ್ರೂಸ್ ಕಂಟ್ರೋಲ್‌ಗೆ ಗೊತ್ತಿರುವುದು ಒಂದೇ ಸಂಗತಿ

ಈ ಸಾಧನವನ್ನು ರೂಪಿಸಿದವರು ಅಮೆರಿಕದ ಇಂಜಿನಿಯರ್ ರಾಲ್ಫ್ ಟೀಟರ್. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ಅವರ ವಕೀಲರು ಕಾರು ಓಡಿಸುತ್ತಾ ಮಾತನಾಡುವಾಗ ವೇಗ ತಗ್ಗಿಸಿ, ಕೇಳಿಸಿಕೊಳ್ಳುವಾಗ ಹೆಚ್ಚಿಸುತ್ತಿದ್ದರಂತೆ. ಪಕ್ಕದಲ್ಲಿ ಕುಳಿತು ಆ ಎಳೆದಾಟ ಸಾಕಾಗಿ ಟೀಟರ್ ಈ ಉಪಾಯ ಹುಡುಕಿದರು ಎಂದು ಹೇಳುತ್ತಾರೆ. 1950ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಅದು ಬಂದಿತು.

ಅಂದಿನಿಂದ ಇಂದಿನವರೆಗೆ ಸಾದಾ ಕ್ರೂಸ್ ಕಂಟ್ರೋಲ್‌ನ ಕೆಲಸ ಬದಲಾಗಿಲ್ಲ. ವೇಗ ಕಡಿಮೆಯಾದರೆ ಇಂಧನ ಹೆಚ್ಚಿಸುತ್ತದೆ, ವೇಗ ಹೆಚ್ಚಾದರೆ ಇಂಧನ ತಗ್ಗಿಸುತ್ತದೆ. ಅದಕ್ಕೆ ಗೊತ್ತಿರುವುದು ಈ ಕ್ಷಣದ ವೇಗ ಮಾತ್ರ. ಮುಂದೆ ಏರಿದೆಯೋ ಇಳಿಜಾರಿದೆಯೋ ಅದಕ್ಕೆ ಕಾಣುವುದಿಲ್ಲ. ಹಿಂದೆ ಟನ್ನುಗಟ್ಟಲೆ ಭಾರವಿದೆ ಎಂಬುದೂ ತಿಳಿಯುವುದಿಲ್ಲ. ಏರು ಬಂದು ವೇಗ ಬಿದ್ದ ಮೇಲೆಯೇ ಅದು ಎಚ್ಚರಗೊಳ್ಳುವುದು. ಚಾಲಕ ಹಾಗಲ್ಲ, ಅರ್ಧ ಕಿಲೋಮೀಟರ್ ದೂರದಿಂದಲೇ ಏರನ್ನು ನೋಡಿ ಸಿದ್ಧನಾಗುತ್ತಾನೆ. ಗಾಡಿ ಖಾಲಿಯಿದ್ದಾಗ ಈ ವ್ಯತ್ಯಾಸ ದೊಡ್ಡದಲ್ಲ. ಟ್ರೇಲರ್ ಕಟ್ಟಿದಾಗ ದೊಡ್ಡದಾಗುತ್ತದೆ.

ಏರಿನಲ್ಲಿ: ಗೇರ್‌ಬಾಕ್ಸ್ ಎಣ್ಣೆ ಕಾಯುತ್ತದೆ

ಈ ಗಾಡಿಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಕಾಲಿನ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಓಡಿಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಸಮನಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಒಳಗಿರುವ ಲಾಕ್ ಎರಡನ್ನೂ ಬೆಸೆಯುತ್ತದೆ, ಶಕ್ತಿ ಪೋಲಾಗುವುದಿಲ್ಲ. ಲಾಕ್ ಬಿಟ್ಟಾಗ ಎರಡರ ನಡುವೆ ಜಾರಾಟವಾಗಿ ಎಣ್ಣೆ ಬಿಸಿಯಾಗುತ್ತದೆ.

ಕ್ರೂಸ್ ಹಾಕಿ ಟ್ರೇಲರ್ ಎಳೆಯುತ್ತಾ ಏರು ಹತ್ತಿದರೆ ಏನಾಗುತ್ತದೆ ನೋಡಿ. ವೇಗ ಬೀಳುತ್ತದೆ, ಯಂತ್ರ ಇಂಧನ ಸುರಿಯುತ್ತದೆ, ಲಾಕ್ ಬಿಡುತ್ತದೆ, ಗೇರ್ ಆರರಿಂದ ಐದಕ್ಕೋ ನಾಲ್ಕಕ್ಕೋ ಇಳಿಯುತ್ತದೆ. ವೇಗ ಕೂಡಿಕೊಂಡ ಕೂಡಲೇ ಮತ್ತೆ ಮೇಲಿನ ಗೇರ್. ಭಾರ ತಡೆಯದೆ ಮತ್ತೆ ಕೆಳಗಿನ ಗೇರ್. ಈ ಹತ್ತಿಳಿಯುವ ಆಟ ನಡೆದಷ್ಟು ಹೊತ್ತೂ ಎಣ್ಣೆ ಕಾಯುತ್ತಿರುತ್ತದೆ. ಅತಿಯಾಗಿ ಕಾದ ಎಣ್ಣೆ ಬೇಗ ಕೆಡುತ್ತದೆ, ಅದರೊಂದಿಗೆ ಗೇರ್‌ಬಾಕ್ಸ್‌ನ ಆಯುಸ್ಸೂ ಕಡಿಮೆಯಾಗುತ್ತದೆ.

ಪರಿಹಾರ ಸುಲಭ. ಏರು ಕಂಡಾಗ ಕ್ರೂಸ್ ತೆಗೆಯಿರಿ. ಗೇರ್ ಲಿವರನ್ನು ಮ್ಯಾನುಯಲ್ ಸ್ಥಾನಕ್ಕೆ ತಂದು ಒಂದು ಗೇರ್ ಇಳಿಸಿ ಅಲ್ಲೇ ಇರಿಸಿ. ವೇಗ ಹತ್ತು ಕಿಲೋಮೀಟರ್ ಕಡಿಮೆಯಾದರೆ ಆಗಲಿ. ಭಾರ ಎಳೆಯುವಾಗ ಸ್ವಲ್ಪ ಹೆಚ್ಚು ಸುತ್ತುವುದು ಇಂಜಿನ್‌ಗೆ ಹಿಂಸೆಯಲ್ಲ, ಮೇಲಿನ ಗೇರ್‌ನಲ್ಲಿ ಮುಕ್ಕಿರಿಯುವುದೇ ಹಿಂಸೆ.

ಇಳಿಜಾರಿನಲ್ಲಿ: ಪ್ರಾಣದ ಪ್ರಶ್ನೆ

ಏರಿನಲ್ಲಿ ತಪ್ಪು ಮಾಡಿದರೆ ಹಣ ಹೋಗುತ್ತದೆ. ಇಳಿಜಾರಿನಲ್ಲಿ ಪ್ರಾಣವೇ ಹೋಗಬಹುದು.

ಸಾದಾ ಕ್ರೂಸ್ ಕಂಟ್ರೋಲ್ ಬ್ರೇಕ್ ಹಾಕುವುದಿಲ್ಲ. ಇಳಿಜಾರಿನಲ್ಲಿ ಅದು ಇಂಧನ ನಿಲ್ಲಿಸಿ ಸುಮ್ಮನಾಗುತ್ತದೆ. ಹಿಂದಿನ ಭಾರ ತಳ್ಳುತ್ತಾ ಹೋದಂತೆ, ಎಂಬತ್ತಕ್ಕೆ ಹೊಂದಿಸಿದ್ದರೂ ಗಾಡಿ ತೊಂಬತ್ತು ದಾಟುತ್ತದೆ. ಡೀಸೆಲ್ ಗಾಡಿಗೆ ಇನ್ನೊಂದು ತೊಡಕಿದೆ. ಪೆಟ್ರೋಲ್ ಇಂಜಿನ್‌ನಲ್ಲಿ ಕಾಲು ತೆಗೆದ ಕೂಡಲೇ ಗಾಳಿ ಬರುವ ದಾರಿ ಮುಚ್ಚಿಕೊಳ್ಳುವುದರಿಂದ ಇಂಜಿನ್ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಗಾಳಿಗೆ ಅಂಥ ತಡೆ ಬೀಳುವುದಿಲ್ಲ, ಹಾಗಾಗಿ ಆ ಹಿಡಿತವೂ ಕಡಿಮೆ. ದೊಡ್ಡ ಲಾರಿ, ಬಸ್ಸುಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇಡುವುದು ಇದಕ್ಕಾಗಿಯೇ. ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಕೆಳಗಿನ ಗೇರೇ ನಮಗೆ ಆಸರೆ.

ಒಂದು ಲೆಕ್ಕ ಹಾಕೋಣ. ಜನ ತುಂಬಿದ ಗಾಡಿ 2,200 ಕಿಲೋ, ಟ್ರೇಲರ್ 1,300 ಕಿಲೋ, ಒಟ್ಟು 3,500 ಕಿಲೋ. ಇದು ಘಾಟಿಯಲ್ಲಿ 300 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಸುಮಾರು 1 ಕೋಟಿ ಜೂಲ್. ಅಷ್ಟು ಶಕ್ತಿಯಿಂದ 30 ಲೀಟರ್‌ಗೂ ಹೆಚ್ಚು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು, ಅಂದರೆ ಎರಡು ದೊಡ್ಡ ಕೊಡ ನೀರು. ಇದರಲ್ಲಿ ಒಂದಿಷ್ಟು ಪಾಲು ಗಾಳಿಗೂ ರಸ್ತೆಗೂ ಹೋಗುತ್ತದೆ. ಉಳಿದದ್ದನ್ನು ಇಂಜಿನ್ ಹೊರಬೇಕು, ಇಲ್ಲವೇ ಬ್ರೇಕ್ ಹೊರಬೇಕು. ಚಿಕ್ಕ ಟ್ರೇಲರ್‌ಗಳಲ್ಲಿ ಹಲವಕ್ಕೆ ಸ್ವಂತ ಬ್ರೇಕ್ ಇರುವುದಿಲ್ಲ. ಆಗ ಅದರ ಹೊರೆಯೂ ಮುಂದಿನ ಗಾಡಿಯ ಬ್ರೇಕ್ ಮೇಲೆಯೇ. ಬ್ರೇಕ್ ಅತಿಯಾಗಿ ಕಾದರೆ ಪೆಡಲ್ ಎಷ್ಟು ತುಳಿದರೂ ಹಿಡಿಯುವುದಿಲ್ಲ.

ತಾಳವಾಡಿಯ ಬಂಧುಗಳಿಗೆ ದಿಂಬಂ ಘಾಟಿಯ 27 ತಿರುವುಗಳು ಗೊತ್ತೇ ಇವೆ. ಅಲ್ಲಿ ಕ್ರೂಸ್ ಹಾಕಬೇಕೆಂದು ಯಾರಿಗೂ ಅನಿಸುವುದಿಲ್ಲ. ಧರ್ಮಪುರಿ ದಾಟಿದ ಮೇಲೆ ಬರುವ ತೊಪ್ಪೂರು ಘಾಟಿ ಹಾಗಲ್ಲ. ರಸ್ತೆ ಅಗಲವಾಗಿದೆ, ನಾಲ್ಕು ಪಥವಿದೆ. ಹೆದ್ದಾರಿಯಲ್ಲೇ ಇದ್ದೇವೆ ಎಂಬ ಭಾವನೆಯಲ್ಲಿ ಕ್ರೂಸ್ ತೆಗೆಯಬೇಕೆಂದು ಹೊಳೆಯುವುದೇ ಇಲ್ಲ. ಸೇಲಂ ಕಡೆಗೆ ಇಳಿಯುವಾಗ ಲಾರಿಗಳು ಹಿಡಿತ ತಪ್ಪಿ ಮುಂದಿನ ವಾಹನಗಳಿಗೆ ಗುದ್ದಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿಯೂ ಇದೆ. ಇದರಿಂದ ಉಳಿತಾಯವೂ ಇಲ್ಲ. ಈಗಿನ ಇಂಜಿನ್‌ಗಳಲ್ಲಿ ಗೇರ್‌ನಲ್ಲಿಟ್ಟು ಕಾಲು ತೆಗೆದು ಇಳಿದರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಂತೆ ನೋಡಿಕೊಳ್ಳಲು ಇಂಧನ ಖರ್ಚಾಗುತ್ತಲೇ ಇರುತ್ತದೆ. ಹಿಡಿತವೂ ಹೋಯಿತು, ಡೀಸೆಲೂ ಹೋಯಿತು.

ಮುಂದಿನ ವಾಹನ ನೋಡಿ ತಾನೇ ಬ್ರೇಕ್ ಹಾಕುವ ಅಡಾಪ್ಟಿವ್ ಕ್ರೂಸ್ ಇದ್ದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಅದು ಇಳಿಜಾರಿನುದ್ದಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಬ್ರೇಕ್ ಕಾಯುತ್ತಿರುವುದು ನಿಮ್ಮ ಕಾಲಿಗೆ ತಿಳಿಯುವುದಿಲ್ಲ. ಟ್ರೇಲರ್ ಇದ್ದಾಗ ನಿಲ್ಲಲು ಹೆಚ್ಚು ದೂರ ಬೇಕು ಎಂಬ ಲೆಕ್ಕವೂ ಸಾಮಾನ್ಯವಾಗಿ ಅದಕ್ಕಿಲ್ಲ.

ಟ್ರೇಲರ್ ತೂಗಾಡಿದರೆ

ಪಕ್ಕದಲ್ಲಿ ದೊಡ್ಡ ಬಸ್ ಹಾದಾಗ ಅಥವಾ ಅಡ್ಡಗಾಳಿ ಬೀಸಿದಾಗ ಟ್ರೇಲರ್ ಬಾಲದಂತೆ ಎಡಕ್ಕೂ ಬಲಕ್ಕೂ ತೂಗಾಡಬಹುದು. ಆಗ ಮಾಡಬೇಕಾದ್ದು ಸ್ಟೀರಿಂಗ್ ನೇರವಾಗಿ ಹಿಡಿದು ವೇಗವನ್ನು ತಾನಾಗಿಯೇ ಇಳಿಯಲು ಬಿಡುವುದು. ಕ್ರೂಸ್ ಇದ್ದರೆ ಅದು ವೇಗ ಬಿತ್ತೆಂದು ಮತ್ತೆ ಇಂಧನ ಕೊಡುತ್ತದೆ, ಬೇಕಾದ್ದಕ್ಕೆ ತದ್ವಿರುದ್ಧ. ಅದನ್ನು ಸ್ಟೀರಿಂಗ್ ಮೇಲಿನ ಗುಂಡಿಯಿಂದಲೇ ಆರಿಸಿ. ಗಾಬರಿಯಾಗಿ ಬ್ರೇಕ್ ಒತ್ತಿದರೆ ಟ್ರೇಲರ್ ಗಾಡಿಯನ್ನೇ ಅಡ್ಡ ತಿರುಗಿಸಬಹುದು. ಸಾಮಾನು ತುಂಬುವಾಗಲೇ ಭಾರದ ವಸ್ತುಗಳನ್ನು ಟ್ರೇಲರ್‌ನ ಗಾಲಿಯ ಅಚ್ಚಿಗಿಂತ ತುಸು ಮುಂದಕ್ಕೆ, ತಗ್ಗಿನಲ್ಲಿ ಇಡಿ. ಟ್ರೇಲರ್ ತೂಕದ 10ರಿಂದ 15 ಪ್ರತಿಶತ ಕೊಂಡಿಯ ಮೇಲೆ ಬರಬೇಕೆಂಬುದು ಬಳಕೆಯಲ್ಲಿರುವ ಲೆಕ್ಕ, ಅದು ಗಾಡಿಯ ಕೈಪಿಡಿಯ ಮಿತಿಯನ್ನು ಮೀರಬಾರದು. ಹಿಂಬದಿ ಭಾರವಾದಷ್ಟೂ ತೂಗಾಟ ಹೆಚ್ಚು.

ನೆನಪಿಡಬೇಕಾದ್ದು

1. ಹೊರಡುವ ಮುನ್ನ ಗಾಡಿಯ ಕೈಪಿಡಿ ಓದಿ. ಎಷ್ಟು ತೂಕ ಎಳೆಯಬಹುದು ಎಂಬುದು ಅದರಲ್ಲಿದೆ. ಕೆಲವು ಕೈಪಿಡಿಗಳು ಟ್ರೇಲರ್ ಇದ್ದಾಗ ಕ್ರೂಸ್ ಬೇಡವೆಂದೇ ಹೇಳುತ್ತವೆ. ಹಾಗಿದ್ದರೆ ಅದೇ ಕೊನೆಯ ಮಾತು.
2. ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. ಅದರ ಹಿಂದಿನ ದೀಪ, ಟೈರಿನ ಗಾಳಿ, ಕೊಂಡಿಯ ಸರಪಳಿ ನೋಡಿಕೊಳ್ಳಿ.
3. ಇಳಿಜಾರು ಆರಂಭವಾಗುವ ಮೊದಲೇ ಕ್ರೂಸ್ ತೆಗೆದು, ವೇಗ ತಗ್ಗಿಸಿ, ಕೆಳಗಿನ ಗೇರ್ ಹಾಕಿ. ಬ್ರೇಕ್ ಮುಟ್ಟದಿದ್ದರೂ ಯಾವ ಗೇರ್‌ನಲ್ಲಿ ವೇಗ ಏರುವುದಿಲ್ಲವೋ ಅದೇ ಸರಿಯಾದ ಗೇರ್.
4. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಹೆಚ್ಚಿದಾಗ ಗಟ್ಟಿಯಾಗಿ ಒತ್ತಿ ತಗ್ಗಿಸಿ, ಪೂರ್ತಿ ಬಿಡಿ. ನಡುವಿನ ಬಿಡುವಿನಲ್ಲಿ ಬ್ರೇಕ್ ಆರುತ್ತದೆ.
5. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಾನಾಗಿ ಆರಲು ಬಿಡಿ. ಕಾದ ಬ್ರೇಕ್ ಮೇಲೆ ನೀರು ಸುರಿಯಬೇಡಿ.

ಈ ಸಾಧನ ನಮಗೆ ನೆರವಾಗುವುದು ಕಾಲಿನ ಆಯಾಸ ತಪ್ಪಿಸಲು, ಕಣ್ಣಿನ ಕೆಲಸ ತಪ್ಪಿಸಲಲ್ಲ. ಸಮಾರಂಭಕ್ಕೆ ಜನರೇಟರ್ ಅರ್ಧ ಗಂಟೆ ತಡವಾಗಿ ಬಂದರೂ ದೀಪ ಹತ್ತುತ್ತದೆ. ತಂದವರು ಕ್ಷೇಮವಾಗಿ ಬಂದು ಇಳಿಯುವುದು ಮುಖ್ಯ. ಎಲ್ಲರ ಪ್ರಯಾಣ ಸುಖಕರವಾಗಲಿ.