ತಾರಾವೀಕ್ಷಣೆಯ ಇರುಳುಗಳು

ಮಳೆನಕ್ಷತ್ರಗಳ ಹೆಸರನ್ನರಿಯದ ರೈತನು ನಮ್ಮ ಕರಾವಳಿಯಲ್ಲಿ ವಿರಳ. ಮೃಗಶಿರ, ಆರ್ದ್ರಾ, ಪುನರ್ವಸು, ಪುಷ್ಯ ಎಂದು ಬಿತ್ತನೆ ನಾಟಿಗಳ ಲೆಕ್ಕವನ್ನು ಆತನು ಬಾಯಲ್ಲಿಯೇ ಹೇಳಬಲ್ಲನು. ಆದರೆ ಆರ್ದ್ರಾ ನಕ್ಷತ್ರವನ್ನು ಬೆರಳು ಮಾಡಿ ತೋರಿಸೆಂದರೆ ಆತನಷ್ಟೇ ಅಲ್ಲ, ವಿಜ್ಞಾನವನ್ನು ಬೋಧಿಸುವ ನಾವೂ ತಡವರಿಸುತ್ತೇವೆ. ಇದಕ್ಕೊಂದು ಕಾರಣವುಂಟು. ಆರ್ದ್ರಾ ಮಳೆಯೆಂದರೆ ಸೂರ್ಯನು ಆ ನಕ್ಷತ್ರದ ಭಾಗದಲ್ಲಿರುವ ಕಾಲ. ಜೂನ್ 22ರ ಸುಮಾರಿಗೆ ಅದರ ಆರಂಭ. ಆಗ ಆ ತಾರೆಯು ಸೂರ್ಯನೊಡನೆಯೇ ಹಗಲಿನ ಆಕಾಶದಲ್ಲಿರುವುದರಿಂದ, ಮೋಡವಿಲ್ಲದಿದ್ದರೂ ಕಾಣದು. ಅದನ್ನು ನೋಡಬೇಕೆನ್ನುವವರು ಆರು ತಿಂಗಳು ಕಾದು, ಡಿಸೆಂಬರ್ ಕೊನೆಯ ನಡುರಾತ್ರಿಯಲ್ಲಿ ತಲೆಯೆತ್ತಬೇಕು. ನೆತ್ತಿಯ ಸಮೀಪದಲ್ಲಿಯೇ ಕೆಂಪು ಛಾಯೆಯ ಆ ತಾರೆ ಇರುತ್ತದೆ.

ಹೆಸರಿಗೂ ಕಣ್ಣಿಗೂ ನಡುವಣ ಈ ಅಂತರವನ್ನು ಕಳೆಯುವ ಸಾಧನವೆಂದರೆ ಕಾಲೇಜುಗಳು ಸಾರ್ವಜನಿಕರಿಗಾಗಿ ಏರ್ಪಡಿಸುವ ತಾರಾವೀಕ್ಷಣೆ. ಕಾರವಾರವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿಯೇ, 1888ರಲ್ಲಿ, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಭಾವನಗರದ ಮಹಾರಾಜ ತಖ್ತಸಿಂಹಜಿಯವರ ಹೆಸರಿನ ವೀಕ್ಷಣಾಲಯವು ಸ್ಥಾಪಿತವಾಗಿತ್ತು. ಪ್ರಾಧ್ಯಾಪಕ ನಾಯಗಾಂವಾಲಾ ಅವರು ನಡೆಸುತ್ತಿದ್ದ ಆ ಸಂಸ್ಥೆಯು 1912ರಲ್ಲಿ ಮುಚ್ಚಿ, ಅದರ 20 ಅಂಗುಲದ ದೂರದರ್ಶಕವು ಕೊಡೈಕನಾಲಿಗೆ ಹೋಯಿತು. ದಾನಿಯೊಬ್ಬರ ಔದಾರ್ಯವೂ ಅಧ್ಯಾಪಕರೊಬ್ಬರ ಹಠವೂ ಕೂಡಿದಾಗ ಇಂಥವು ಹುಟ್ಟುತ್ತವೆ. ಎರಡರಲ್ಲೊಂದು ತಪ್ಪಿದರೆ ನಿಲ್ಲುತ್ತವೆ. ನಮ್ಮದೇ ಕರಾವಳಿಯ ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳವೀಕ್ಷಕರ ಸಂಘವು ಜನರನ್ನು ಕರೆದು ಆಕಾಶವನ್ನು ತೋರಿಸುತ್ತ ಬಂದಿದೆ.

ನಮ್ಮ ಜಿಲ್ಲೆಗೆ ಒಂದು ಅಪೂರ್ವ ಅವಕಾಶ ಒದಗಿತ್ತು. 1980ರ ಫೆಬ್ರವರಿ 16ರ ಅಪರಾಹ್ನ, ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರದಿಂದ ಕಾರವಾರ ಅಂಕೋಲೆಗಳ ತೀರವನ್ನೇರಿ ಗದಗ, ರಾಯಚೂರಿನತ್ತ ಸಾಗಿತು. ದೇಶದ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣಗಳೊಡನೆ ಬೀಡುಬಿಟ್ಟಿದ್ದರು. ನಮ್ಮ ಮನೆಯಲ್ಲಿ ಬಾಗಿಲು ಹಾಕಿತ್ತು, ನೀರಿನ ಕೊಡದ ಮೇಲೆ ದರ್ಭೆಯಿತ್ತು. ಸುಮಾರು ಎರಡೂವರೆ ನಿಮಿಷ ಹಗಲೇ ಇರುಳಾದುದನ್ನು ನಾನು ಕಿಟಕಿಯ ಸಂದಿಯಲ್ಲಿ ಕತ್ತಲೆಯಾಗಿ ಮಾತ್ರ ಬಲ್ಲೆ. ಹಿರಿಯರ ಭಯ ಪೂರಾ ನಿರಾಧಾರವಾದುದಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ದೃಷ್ಟಿಗೆ ಹಾನಿ ನಿಶ್ಚಯ. ಆದರೆ ಸುರಕ್ಷಿತವಾಗಿ ನೋಡುವ ಬಗೆಯನ್ನು ಹೇಳಿಕೊಡುವವರು ಅಂದು ನಮ್ಮೂರಿನಲ್ಲಿ ಇರಲಿಲ್ಲ. ಆ ಬಳಿಕ 1995, 1999, 2009ರಲ್ಲಿ ಭಾರತದಲ್ಲಿ ಪೂರ್ಣಗ್ರಹಣಗಳಾದವು. ಯಾವುದರ ಪಥವೂ ಇತ್ತ ಬರಲಿಲ್ಲ.

ವೀಕ್ಷಣೆಯ ಇರುಳಿಗೆ ಹುಣ್ಣಿಮೆಯನ್ನು ಆರಿಸುವುದು ಸಾಮಾನ್ಯವಾದ ತಪ್ಪು. ಪೂರ್ಣಚಂದ್ರನ ಮೇಲೆ ಬೆಳಕು ನೇರವಾಗಿ ಬೀಳುವುದರಿಂದ ಕುಳಿಗಳ ನೆರಳು ಕಾಣದು, ಮಂದ ತಾರೆಗಳೂ ಅಡಗುತ್ತವೆ. ಶುಕ್ಲ ಅಷ್ಟಮಿಯ ಸುಮಾರಿಗೆ ಬೆಳಕು ಕತ್ತಲೆಗಳ ಗಡಿಯಲ್ಲಿ ಬೆಟ್ಟ ಕುಳಿಗಳು ಎದ್ದು ತೋರುತ್ತವೆ. ದೂರದರ್ಶಕದ ಯೋಗ್ಯತೆಯಿರುವುದು ಎಷ್ಟು ಪಟ್ಟು ಹಿಗ್ಗಿಸುತ್ತದೆಂಬುದರಲ್ಲಿ ಅಲ್ಲ, ಎಷ್ಟು ಬೆಳಕನ್ನು ಕೂಡಿಸುತ್ತದೆಂಬುದರಲ್ಲಿ; 8 ಅಂಗುಲದ ಕನ್ನಡಿಯು ಕಣ್ಣಿನ ಪಾಪೆಗಿಂತ ಸುಮಾರು 800 ಪಟ್ಟು ಬೆಳಕನ್ನು ಹಿಡಿಯುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕಾದ್ದರಿಂದ ಟಾರ್ಚಿಗೆ ಕೆಂಪು ಕಾಗದವನ್ನು ಸುತ್ತಬೇಕು.

ದಾನಿಗಳಲ್ಲಿ ಒಂದು ವಿಜ್ಞಾಪನೆ. ದೂರದರ್ಶಕವನ್ನು ಕೊಟ್ಟರೆ ಸಾಲದು. ಕರಾವಳಿಯ ತೇವದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುತ್ತದೆ. ಕಪಾಟಿನಲ್ಲಿ ಬೀಗ ಹಾಕಿಟ್ಟು ಕುರುಡಾದ ಉಪಕರಣವೊಂದನ್ನು ನಾನು ಒಂದು ಶಾಲೆಯಲ್ಲಿ ಕಂಡಿದ್ದೇನೆ. ಒಣ ಪೆಟ್ಟಿಗೆಗೂ, ಅದನ್ನು ತಿಂಗಳಿಗೊಮ್ಮೆಯಾದರೂ ಹೊರತೆಗೆಯುವ ಅಧ್ಯಾಪಕನ ತರಬೇತಿಗೂ ಹಣ ಬೇಕು.

ಮಲ್ಲಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಆಕಾಶ. ಕೈಗಾ ಸ್ಥಾವರದ ವಸತಿಯ ದೀಪಗಳಿಂದ ದೂರ ಸರಿದು, ಬೆಟ್ಟಗಳ ಮರೆಯಿಲ್ಲದೆ ದಕ್ಷಿಣವು ತೆರೆದಿರುವ ಬಯಲೊಂದನ್ನು ಹುಡುಕಬೇಕು. ಉತ್ತರ ದೇಶದವರಿಗಿಲ್ಲದ ಭಾಗ್ಯ ನಮಗಲ್ಲಿದೆ: ಫೆಬ್ರವರಿಯಲ್ಲಿ ಅಗಸ್ತ್ಯ ನಕ್ಷತ್ರವು ದಿಗಂತದಿಂದ 22 ಅಂಶ ಮೇಲೇರುತ್ತದೆ, ಮೇ ತಿಂಗಳ ಇರುಳುಗಳಲ್ಲಿ ತ್ರಿಶಂಕುವೂ ಕಾಣುತ್ತದೆ. 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಗ್ರಹಣವು ಹಾಯುವಾಗ ನಮಗೆ ಪಾರ್ಶ್ವಗ್ರಹಣ. ಅಂದಿಗೆ ಬೇಕಾದ ಸೌರಶೋಧಕಗಳನ್ನು ಈಗಲೇ ತರಿಸಿಡಬಹುದು.