ಬರೆದವರು, ಬರೆಯದವರು
ಬೇಗಂಪೇಟೆ: ತೆಲಂಗಾಣದಲ್ಲಿ 2020ರ ಮಾರ್ಚ್ 19ಕ್ಕೆ ಶುರುವಾದ ಹತ್ತನೇ ತರಗತಿ ಪರೀಕ್ಷೆ ಕೊರೊನಾದಿಂದ ಮೂರು ಪತ್ರಿಕೆಗೇ ನಿಂತಿತು. ಜೂನ್ 8ರಂದು ಸರ್ಕಾರ ಉಳಿದವನ್ನು ರದ್ದುಮಾಡಿ, ಆಂತರಿಕ ಅಂಕ ನೋಡಿ 5.34 ಲಕ್ಷ ಮಕ್ಕಳನ್ನೂ ತೇರ್ಗಡೆ ಮಾಡಿತು. ಅದೇ ಜೂನ್ 25ರಿಂದ ಕರ್ನಾಟಕದ ಮಕ್ಕಳು ಮಾಸ್ಕ್ ಹಾಕಿಕೊಂಡು ಎಸ್ಸೆಸ್ಸೆಲ್ಸಿ ಬರೆದರು. ಕಲಬುರಗಿಯಲ್ಲಿ ಅಣ್ಣನ ಮಗ ಬರೆದ, ಇಲ್ಲಿ ತಂಗಿಯ ಮಗಳು ಬರೆಯಲಿಲ್ಲ. ನಮ್ಮವರಲ್ಲಿ ಇಂಥ ಮನೆಗಳು ಎಷ್ಟೋ. ನನ್ನ ಮಟ್ಟಿಗೆ, ಬರೆದದ್ದೇ ಮೇಲು.

ಸೆಪ್ಟೆಂಬರ್ 1ರಿಂದ ದೂರದರ್ಶನ ಯಾದಗಿರಿ, ಟಿ-ಸ್ಯಾಟ್‌ಗಳಲ್ಲಿ ಪಾಠ ಬಂತು. ಟಿ.ವಿ.ಯನ್ನು ಪ್ರಶ್ನೆ ಕೇಳುವಂತಿಲ್ಲ. ಗಣಿತದಲ್ಲಿ ಒಂದು ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ಕಗ್ಗಂಟು. 2021ರ ಫೆಬ್ರವರಿ 1ಕ್ಕೆ ತೆರೆದ ಶಾಲೆ ಮಾರ್ಚ್‌ನಲ್ಲೇ ಮುಚ್ಚಿತು, ಪರೀಕ್ಷೆ ಮತ್ತೆ ರದ್ದು. 2022ರ ಮೇ 23ರಂದು ಪರೀಕ್ಷೆ ಮರಳಿದಾಗ 11 ಪತ್ರಿಕೆ 6ಕ್ಕಿಳಿದಿತ್ತು. ಬರೆದವರು, ಒಂಬತ್ತನೇ ತರಗತಿಯನ್ನು ಬಹುಪಾಲು ಮನೆಯಲ್ಲೇ ಓದಿದವರು.